ಗಾಡಿಯ ಸೀಟು ಶೋಕಿಯ ಮಾತಲ್ಲ

ಹೊಸ ಬೈಕ್ ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕೇಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ಮೈಲೇಜ್ ಎಷ್ಟು ಕೊಡುತ್ತೆ? ಎಷ್ಟು ಸಿಸಿ? ಡೌನ್ ಪೇಮೆಂಟ್ ಎಷ್ಟು, ಇಎಂಐ ಎಷ್ಟು ತಿಂಗಳು? ಕಪ್ಪು ಬಣ್ಣ ಸಿಗುತ್ತಾ? ಆದರೆ ‘ಇದರ ಮೇಲೆ ಒಂದು ಗಂಟೆ ನೆಟ್ಟಗೆ ಕೂರಬಹುದಾ?’ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ. ಎಂಜಿನ್ನನ್ನು ನಾವು ಮುಟ್ಟುವುದೇ ಅಪರೂಪ. ಸೀಟನ್ನು ಮಾತ್ರ ಗಾಡಿ ಓಡುವಷ್ಟು ಹೊತ್ತೂ ಬಿಟ್ಟಿರುವುದಿಲ್ಲ. ಆದರೂ ಗಾಡಿಯ ಎಲ್ಲ ಭಾಗಗಳಲ್ಲಿ ನಾವು ಅತ್ಯಂತ ಕಡಿಮೆ ಯೋಚಿಸುವುದು ಅದರ ಬಗ್ಗೆಯೇ.

ನಾನು ಗುಬ್ಬಿಯವನು. ಔಷಧ ಕಂಪನಿಯೊಂದರ ಪ್ರತಿನಿಧಿ. ಗುಬ್ಬಿ, ತುಮಕೂರು, ಕುಣಿಗಲ್ ಈ ಮೂರು ಊರುಗಳ ನಡುವೆಯೇ ನನ್ನ ಅನ್ನ. ಒಂದು ಸಣ್ಣ ಲೆಕ್ಕ ಹಾಕೋಣ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ಹೋಗಿ ಬಂದರೆ 40. ತಿಂಗಳಿಗೆ 25 ದಿನ ಕೆಲಸವೆಂದರೆ 1,000 ಕಿ.ಮೀ., ವರ್ಷಕ್ಕೆ 12,000 ಕಿ.ಮೀ. ಗಂಟೆಗೆ 40 ಕಿ.ಮೀ. ಸರಾಸರಿ ವೇಗವೆಂದು ಹಿಡಿದರೂ ವರ್ಷಕ್ಕೆ 300 ಗಂಟೆ ಸೀಟಿನ ಮೇಲೆಯೇ. ಕುಣಿಗಲ್‌ನಿಂದ ಹೆಬ್ಬೂರು, ನಾಗವಲ್ಲಿ, ಗೂಳೂರು ದಾಟಿ ತುಮಕೂರಿಗೆ ಕೆಲಸಕ್ಕೆ ಬರುವವರಿಗೆ ಇದು ಹೆಚ್ಚು ಕಡಿಮೆ ಎರಡರಷ್ಟು. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಿಗೆ ಶಿಫ್ಟ್ ಮೇಲೆ ಹೋಗುವ ಹುಡುಗರು, ಊಟ ತಲುಪಿಸುವ ಡೆಲಿವರಿ ಹುಡುಗರು, ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು ಎಲ್ಲರ ಲೆಕ್ಕವೂ ಹೀಗೇ. ಇಷ್ಟು ಹೊತ್ತು ಕೂರುವ ಜಾಗ ಕುರ್ಚಿಯಾಗಿದ್ದರೆ ಅದನ್ನು ಆರಿಸಲು ಎಷ್ಟು ಅಂಗಡಿ ತಿರುಗುತ್ತಿದ್ದೆವು!

‘ನಮ್ಮಪ್ಪ ಸೈಕಲ್ ಮೇಲೆ ಸಂತೆಗೆ ಹೋಗಿ ಬರುತ್ತಿದ್ದರು, ಅವರಿಗೆ ಯಾವ ಸೀಟು ಬದಲಾಯಿಸಿದ್ದರು?’ ಎನ್ನುವವರಿದ್ದಾರೆ. ನಿಜ, ಆದರೆ ಸೈಕಲ್ ತುಳಿಯುವವನ ಮೈ ಆಡುತ್ತಲೇ ಇರುತ್ತದೆ, ಕಾಲುಗಳೂ ಭಾರ ಹೊರುತ್ತವೆ. ಬೈಕ್ ಮೇಲೆ ಮೈ ಅಲ್ಲಾಡದೆ ಕೂತಿರುತ್ತದೆ, ಕೆಳಗಿನಿಂದ ಗಾಡಿ ಕುಲುಕುತ್ತಿರುತ್ತದೆ. ಹೀಗೆ ಇಡೀ ಮೈಗೆ ತಾಗುವ ಕಂಪನವನ್ನು ಅಳೆಯುವುದಕ್ಕೆಂದೇ ಐಎಸ್ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೂತ ಮನುಷ್ಯನ ಬೆನ್ನಿಗೆ ಹೆಚ್ಚು ನಾಟುವುದು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಮೇಲೆ ಕೆಳಗೆ ಕುಲುಕುವ ಕಂಪನ. ಟ್ರ್ಯಾಕ್ಟರ್ ಚಾಲಕರಲ್ಲೂ ಹೆಲಿಕಾಪ್ಟರ್ ಪೈಲಟ್‌ಗಳಲ್ಲೂ ಸೊಂಟನೋವು ಹೆಚ್ಚೆಂಬುದು ವೈದ್ಯರಿಗೆ ಹೊಸ ಸಂಗತಿಯಲ್ಲ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಹೆಲಿಕಾಪ್ಟರ್‌ನಲ್ಲಿ ಕೂರುವವರ ಬೆನ್ನಿನ ಬಗ್ಗೆ ಯೋಚಿಸುವ ಕಾಲದಲ್ಲಿ, ಅಲ್ಲಿಗೆ ಬೈಕ್‌ನಲ್ಲಿ ಕೆಲಸಕ್ಕೆ ಹೋಗುವವರ ಬೆನ್ನಿನ ಬಗ್ಗೆಯೂ ಯೋಚಿಸಬೇಡವೇ?

ಮೊದಲು ಸೀಟಲ್ಲ, ಗಾಳಿ

ಸೀಟು ಬದಲಿಸುವ ಮೊದಲು ದುಡ್ಡು ಖರ್ಚಾಗದ ಎರಡು ಕೆಲಸಗಳಿವೆ. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇದೆಯೇ ನೋಡಬೇಕು. ಹೆಚ್ಚು ಗಾಳಿ ತುಂಬಿದರೆ ಮೈಲೇಜ್ ಬರುತ್ತದೆಂದು ಕಲ್ಲಿನಂತೆ ಗಟ್ಟಿ ಮಾಡಿಕೊಂಡವರಿಗೆ ಯಾವ ಸೀಟೂ ಸುಖ ಕೊಡದು. ಎರಡನೆಯದು ಹಿಂದಿನ ಶಾಕ್ ಅಬ್ಸಾರ್ಬರ್. ಬಹುಪಾಲು ಬೈಕುಗಳಲ್ಲಿ ಸ್ಪ್ರಿಂಗಿನ ಬಿಗಿತವನ್ನು ಹಂತ ಹಂತವಾಗಿ ಹೊಂದಿಸುವ ಬಳೆಯಿರುತ್ತದೆ. ಒಬ್ಬರೇ ಓಡಾಡುವವರು ಅದನ್ನು ಅತಿ ಬಿಗಿಯಾಗಿ ಇಟ್ಟುಕೊಂಡಿದ್ದರೆ ಪ್ರತಿ ಗುಂಡಿಯ ಪೆಟ್ಟೂ ನೇರ ಸೊಂಟಕ್ಕೇ. ಇವೆರಡನ್ನೂ ಸರಿಪಡಿಸಿ ಒಂದು ವಾರ ಓಡಿಸಿ ನೋಡಿದ ಮೇಲೂ ನೋವು ಉಳಿದರೆ ಆಗ ಸೀಟಿನ ಮಾತು. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಬಿಡದೆ ಕಾಡುತ್ತಿದ್ದರೆ ಸೀಟಿನ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು.

ಸೀಟೆಂದರೆ ಮೂರು ಪದರ. ಕೆಳಗೆ ಪ್ಲಾಸ್ಟಿಕ್ ಅಥವಾ ತಗಡಿನ ತಟ್ಟೆ, ಅದರ ಮೇಲೆ ಫೋಮ್, ಮೇಲೆ ರೆಕ್ಸಿನ್ ಹೊದಿಕೆ. ನಮ್ಮ ತೆಂಗಿನ ಸೀಮೆಯವರಿಗೆ ಇನ್ನೊಂದು ಸಂಗತಿ ಹಿತವಾದೀತು: ಫೋಮ್ ಎಲ್ಲೆಡೆ ಹರಡುವ ಮೊದಲು ವಾಹನಗಳ ಸೀಟಿಗೆ ರಬ್ಬರ್ ಸೇರಿಸಿದ ತೆಂಗಿನ ನಾರನ್ನೂ ತುಂಬುತ್ತಿದ್ದರು. ಈಗ ಬಹುತೇಕ ಎಲ್ಲವೂ ಪಾಲಿಯುರೆಥೇನ್ ಫೋಮ್.

ಮೆತ್ತಗಿದ್ದರೆ ಸುಖವೆಂಬುದೇ ದೊಡ್ಡ ತಪ್ಪು ತಿಳಿವಳಿಕೆ. ಕೂತಾಗ ನಮ್ಮ ಭಾರವನ್ನು ಮುಖ್ಯವಾಗಿ ಹೊರುವುದು ಕೆಳಭಾಗದ ಎರಡು ಮೂಳೆಗಳು. ತೀರಾ ಮೆತ್ತಗಿನ ಫೋಮ್ ಹತ್ತು ನಿಮಿಷ ಹಾಸಿಗೆಯಂತಿರುತ್ತದೆ, ಆಮೇಲೆ ಅಮುಕಿ ಅಮುಕಿ ಮೂಳೆ ತಟ್ಟೆಗೇ ತಾಗುತ್ತದೆ. ತೀರಾ ಗಟ್ಟಿಯಾದದ್ದು ಆ ಎರಡು ಬಿಂದುಗಳನ್ನೇ ಒತ್ತುತ್ತದೆ. ಬೇಕಿರುವುದು ಭಾರವನ್ನು ತೊಡೆಯವರೆಗೂ ಹರಡುವ ಅಗಲ ಮತ್ತು ಅದನ್ನು ತಡೆದುಕೊಳ್ಳುವ ಸಾಂದ್ರತೆ. ಹೊಸ ಫೋಮ್ ಕೆಲವು ವಾರ ಓಡಿಸಿದ ಮೇಲೆ ಸ್ವಲ್ಪ ಮೆತ್ತಗಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೂತಾಗ ‘ಸ್ವಲ್ಪ ಗಟ್ಟಿ’ ಎನಿಸಿದ್ದೇ ಮುಂದೆ ಸರಿಯಾಗುವುದುಂಟು. ಮುಷ್ಟಿಯಿಂದ ಜೋರಾಗಿ ಒತ್ತಿದಾಗ ತಟ್ಟೆ ಕೈಗೆ ಸಿಕ್ಕಿದರೆ ಆ ಸೀಟು ಬೇಡ.

ಈ ಮಾತನ್ನು ಕುದುರೆ ಬಲ್ಲವರು ಎಂದೋ ಕಂಡುಕೊಂಡಿದ್ದರು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಊರು ಕುಣಿಗಲ್. ಜೀನು ಚೆನ್ನಾಗಿದೆಯೇ ಎಂದು ನೋಡುವವರು ಮೊದಲು ನೋಡುವುದು ಅದು ಕುದುರೆಯ ಬೆನ್ನುಮೂಳೆಯ ಮೇಲೆ ಒತ್ತುತ್ತದೆಯೇ ಎಂಬುದನ್ನು. ಭಾರ ಬೀಳಬೇಕಾದ್ದು ಮೂಳೆಯ ಎರಡೂ ಬದಿಯ ಸ್ನಾಯುಗಳ ಮೇಲೆ. ನಡುವೆ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೆಲವು ಟೂರಿಂಗ್ ಸೀಟುಗಳ ನಡುವೆ ಉದ್ದಕ್ಕೆ ತೋಡಿನಂಥ ತಗ್ಗು ಇರುವುದು ಇದೇ ಕಾರಣಕ್ಕೆ: ಬಾಲಮೂಳೆಯ ಮೇಲೆ ಒತ್ತಡ ಬೀಳದಿರಲಿ ಎಂದು. ಕುದುರೆಯ ಬೆನ್ನಿಗೆ ತೋರಿಸಿದ ಎಚ್ಚರಿಕೆಯನ್ನು ನಮ್ಮ ಬೆನ್ನಿಗೂ ತೋರಿಸಿಕೊಳ್ಳಬಹುದು.

ಆರಿಸುವಾಗ

ನಮ್ಮ ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಇರುವ ಸೀಟಿನ ಮೇಲೆ ಹಾಕುವ ಗಾಳಿ ಅಥವಾ ಜೆಲ್ ದಿಂಬು, ಜಾಲರಿ ಕವರ್. ಕಡಿಮೆ ಖರ್ಚು, ಸುಲಭ. ಆದರೆ ಸಡಿಲವಾಗಿ ಕಟ್ಟಿದ ಕವರ್ ಬ್ರೇಕ್ ಹಾಕಿದಾಗ ಸವಾರನ ಸಮೇತ ಮುಂದಕ್ಕೆ ಜಾರುತ್ತದೆ. ಜೆಲ್ ಬಿಸಿಲಲ್ಲಿ ಕಾದರೆ ಬೇಗ ತಣ್ಣಗಾಗುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಎದುರು ನಿಲ್ಲಿಸಿದ ಗಾಡಿಯ ಮೇಲೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಜಾಲರಿ ಕವರ್ ಗಾಳಿಯಾಡಲು ಒಳ್ಳೆಯದು, ಬಿಗಿಯಾಗಿ ಕಟ್ಟಿದ್ದರೆ.

ಎರಡನೆಯದು, ನಮ್ಮ ಊರಿನ ಕುಶನ್ ಅಂಗಡಿಯಲ್ಲಿ ಇದೇ ಸೀಟಿನ ಫೋಮ್ ಬದಲಿಸಿ, ಆಕಾರ ತಿದ್ದಿಸುವುದು. ನನ್ನ ಒಲವು ಇದಕ್ಕೇ. ತಟ್ಟೆ ಕಂಪನಿಯದೇ ಉಳಿಯುವುದರಿಂದ ಕೊಂಡಿ, ಬೋಲ್ಟು, ಲಾಕು ಎಲ್ಲ ಮೊದಲಿನಂತೆಯೇ ಕೂರುತ್ತವೆ. ಎರಡನೇ ಲಾಭವೆಂದರೆ ಅಳತೆ ನಮ್ಮದು. ನಾನು ಫೋಮ್ ಬದಲಿಸಿದ ತುಮಕೂರಿನ ಅಂಗಡಿಯವರು ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ನನ್ನನ್ನು ಗಾಡಿಯ ಮೇಲೆ ಕೂರಿಸಿ, ಎರಡೂ ಕಾಲು ನೆಲಕ್ಕಿಡಿಸಿ, ಹಿಂದೆ ಯಾರು ಕೂರುತ್ತಾರೆಂದು ಕೇಳಿದರು. ‘ಅಮ್ಮ’ ಎಂದೆ. ‘ಸೀರೆನಾ, ಚೂಡಿದಾರಾ? ಒಂದು ಕಡೆ ಕೂರ್ತಾರಾ, ಎರಡೂ ಕಡೆ ಕಾಲು ಹಾಕ್ತಾರಾ?’ ಎಂದರು. ಯಾವ ಶೋರೂಮಿನಲ್ಲೂ ಯಾರೂ ಕೇಳದ ಪ್ರಶ್ನೆ ಅದು.

ಮೂರನೆಯದು, ಗಾಡಿಯ ಕಂಪನಿಯೇ ಮಾರುವ ಬೇರೆ ಸೀಟು. ರಾಯಲ್ ಎನ್‌ಫೀಲ್ಡ್‌ನಂಥ ಕಂಪನಿಗಳು ಟೂರಿಂಗ್ ಸೀಟುಗಳನ್ನು ಬಿಡಿಯಾಗಿ ಮಾರುತ್ತವೆ. ಬೆಲೆ ಜಾಸ್ತಿ, ಹೊಂದಿಕೆ ಖಚಿತ. ನಾಲ್ಕನೆಯದು, ಬೇರೆ ತಯಾರಕರ ಸೀಟು. ಇಲ್ಲಿ ಮಾಡೆಲ್ ಹೆಸರು ಒಂದೇ ಆದರೂ ವರ್ಷ ಬೇರೆಯಾದರೆ ತಟ್ಟೆ, ಕೊಂಡಿ ಬೇರೆಯಿರಬಹುದು. ಮಾಡೆಲ್ ಜೊತೆ ತಯಾರಾದ ವರ್ಷವನ್ನೂ ಹೇಳಿ, ಹಿಂತಿರುಗಿಸುವ ಅವಕಾಶ ಇದೆಯೇ ಕೇಳಿಯೇ ಕೊಳ್ಳಬೇಕು.

ಎತ್ತರವನ್ನು ಮರೆಯಬಾರದು. ಹೀರೊ ಸ್ಪ್ಲೆಂಡರ್ ಪ್ಲಸ್‌ನ ಸೀಟು ನೆಲದಿಂದ 785 ಮಿ.ಮೀ. ಎತ್ತರದಲ್ಲಿದೆ. ಅದರ ಮೇಲೆ ಒಂದಿಂಚು ಫೋಮ್ ಏರಿಸಿದರೆ 810 ಮಿ.ಮೀ. ಎತ್ತರದ ಹುಡುಗನಿಗೆ ಇದು ಮಂಡಿಗೆ ಆರಾಮ. ಕುಳ್ಳಗಿರುವವರಿಗೆ ಟೌನ್‌ಹಾಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಎಟುಕದೆ ಗಾಡಿ ವಾಲುವ ಭಯ. ಮುಂಭಾಗವನ್ನು ಅಗಲ ಮಾಡಿದರೂ ಇದೇ ತೊಂದರೆ. ತೊಡೆ ಹೊರಕ್ಕೆ ಸರಿದಷ್ಟೂ ಪಾದ ನೆಲದಿಂದ ದೂರ. ಹಾಗಾಗಿ ಅಗಲ ಬೇಕಿರುವುದು ಕೂರುವ ಜಾಗದಲ್ಲಿ, ಟ್ಯಾಂಕಿನ ಬಳಿ ಕಿರಿದಾಗಿಯೇ ಇರಲಿ. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದರೆ ಮೈ ಸದಾ ಮುಂದಕ್ಕೆ ಜಾರಿ, ಭಾರ ಮಣಿಕಟ್ಟಿಗೆ ಬೀಳುತ್ತದೆ, ತೊಡೆಸಂದು ಜೋಮು ಹಿಡಿಯುತ್ತದೆ. ಹೊದಿಕೆ ತೀರಾ ನುಣುಪಾಗಿದ್ದರೂ ಇದೇ ಕಥೆ. ಮೇಲ್ಭಾಗದಲ್ಲಿ ಹೊಲಿಗೆ ಕಡಿಮೆಯಿದ್ದಷ್ಟೂ ಮಳೆನೀರು ಒಳಗಿಳಿಯುವುದು ಕಡಿಮೆ. ಫೋಮ್ ಮತ್ತು ರೆಕ್ಸಿನ್ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸುವುದು ಒಳ್ಳೆಯದು.

ಸಾಧ್ಯವಾದರೆ ಅಂಥದೇ ಸೀಟಿರುವ ಗೆಳೆಯನ ಗಾಡಿಯನ್ನು ಮುಕ್ಕಾಲು ಗಂಟೆ ಓಡಿಸಿ ನೋಡಿ. ಐದು ನಿಮಿಷದಲ್ಲಿ ಎಲ್ಲ ಸೀಟೂ ಸುಖವೇ. ಸತ್ಯ ಗೊತ್ತಾಗುವುದು ಮಲ್ಲಸಂದ್ರ ದಾಟಿದ ಮೇಲೆ.

ಹಿಂದೆ ಕೂರುವವರ ಮಾತು

ನನ್ನ ನಿಜವಾದ ತಕರಾರು ಇಲ್ಲಿದೆ. ಸೀಟಿನ ಬಗ್ಗೆ ನಾವು ಮಾತಾಡುವುದೆಲ್ಲ ಓಡಿಸುವವನ ಬಗ್ಗೆ. ಹಿಂದೆ ಕೂರುವವರು ಬಹುಪಾಲು ನಮ್ಮ ಅಮ್ಮಂದಿರು, ಅಕ್ಕತಂಗಿಯರು, ಹೆಂಡತಿಯರು, ವಯಸ್ಸಾದ ಅಪ್ಪಂದಿರು. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ ತುಮಕೂರಿನ ಆಸ್ಪತ್ರೆಗೆ ಬರುವ ಎಷ್ಟೋ ಹಿರಿಯರು ಬರುವುದು ಮಗನ ಬೈಕಿನ ಹಿಂದೆ. ಈಗ ಹೆಚ್ಚು ಮಾರಾಟವಾಗುವ ಶೋಕಿ ಮಾಡೆಲ್‌ಗಳನ್ನು ನೋಡಿ. ಹಿಂದಿನ ಸೀಟು ಮುಂದಿನದಕ್ಕಿಂತ ಒಂದು ಮೆಟ್ಟಿಲು ಎತ್ತರ, ಅಂಗೈ ಅಗಲ, ಹಿಂದಕ್ಕೆ ಚೂಪು. ಪಕ್ಕಕ್ಕೆ ಕಾಲು ಇಳಿಬಿಟ್ಟು ಸೀರೆಯಲ್ಲಿ ಕೂರುವ ಹೆಂಗಸಿಗೆ ಅಲ್ಲಿ ಕೂರಲು ಸಿಗುವುದು ಅರ್ಧ ಜಾಗ, ಹಿಡಿದುಕೊಳ್ಳಲು ಸಿಗುವುದು ಮಗನ ಭುಜ. ಹಂಪ್ ಬಂದಾಗಲೆಲ್ಲ ಆ ಭುಜದ ಮೇಲಿನ ಕೈ ಬಿಗಿಯಾಗುತ್ತದಲ್ಲ, ಅದು ಪ್ರೀತಿಯಲ್ಲ ಮಾರಾಯರೇ, ಭಯ.

ಫೋಮ್ ಬದಲಿಸಿದ ಮೇಲೆ ನಮ್ಮಮ್ಮ ಹೇಳಿದ್ದು ಒಂದೇ ಮಾತು: ‘ಈಗ ಹೆಗ್ಗೆರೆಯಲ್ಲಿ ನಿಲ್ಲಿಸೋದು ಬೇಡ ಕಣಪ್ಪಾ.’ ಅದಕ್ಕೆ ಮೊದಲು ಸೊಂಟ ಹಿಡಿದುಕೊಳ್ಳುತ್ತಿದ್ದರೂ ‘ನೀರು ಕುಡೀಬೇಕು, ಗಾಡಿ ನಿಲ್ಲಿಸು’ ಎನ್ನುತ್ತಿದ್ದರು. ನಮ್ಮ ಮನೆಗಳ ಹೆಂಗಸರು ನೋವನ್ನು ನೋವೆಂದು ಹೇಳುವುದಿಲ್ಲ. ಹಾಗಾಗಿ ನಾವೇ ಕೇಳಬೇಕು. ಗಾಡಿ ಕೊಳ್ಳುವಾಗ, ಸೀಟು ಮಾಡಿಸುವಾಗ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ, ಕೂರಿಸಿ ನೋಡಬೇಕು.

2017ರ ಅಕ್ಟೋಬರ್‌ನಲ್ಲಿ 100 ಸಿಸಿಗಿಂತ ಕಡಿಮೆ ಶಕ್ತಿಯ ಹೊಸ ದ್ವಿಚಕ್ರ ವಾಹನಗಳಲ್ಲಿ ಹಿಂಬದಿ ಸೀಟು ಇರಬಾರದೆಂದು ರಾಜ್ಯ ಸಾರಿಗೆ ಇಲಾಖೆ ಸುತ್ತೋಲೆ ಹೊರಡಿಸಿದ್ದು ಹಲವರಿಗೆ ನೆನಪಿರಬಹುದು. ವಿರೋಧ ಎದ್ದಿತು, ಸರ್ಕಾರ ಹಿಂದೆ ಸರಿಯಿತು. ಆಗ ನಡೆದ ಚರ್ಚೆಯೆಲ್ಲ ಹಿಂದೆ ಸೀಟು ಇರಬೇಕೋ ಬೇಡವೋ ಎಂಬುದರ ಸುತ್ತಲೇ. ಇರುವ ಸೀಟು ಹೇಗಿರಬೇಕು ಎಂಬ ಪ್ರಶ್ನೆಗೆ ಜಾಗವೇ ಸಿಗಲಿಲ್ಲ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಪ್ರಕಾರ ಸವಾರನ ಹಿಂದೆ ಒಬ್ಬರನ್ನು ಮಾತ್ರ ಕೂರಿಸಬಹುದು. ಅವರೂ ಗಾಡಿಗೆ ಭದ್ರವಾಗಿ ಜೋಡಿಸಿದ ಸರಿಯಾದ ಸೀಟಿನ ಮೇಲೆಯೇ ಕೂತಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕೆನ್ನುತ್ತದೆ. ಅಂದವಾಗಿ ಕಾಣಲೆಂದು ಸಾರಿ ಗಾರ್ಡ್ ಬಿಚ್ಚಿಸುವ, ಹಿಡಿಕೆ ತೆಗೆಸುವ ಗೆಳೆಯರು ಇದನ್ನೊಮ್ಮೆ ಓದಬೇಕು. ಹೊಸ ಸೀಟು ಉದ್ದವಾಗಿ ಹಿಡಿಕೆಯನ್ನೇ ಮುಚ್ಚಿಬಿಟ್ಟರೆ ಅದು ಎಷ್ಟೇ ಮೆತ್ತಗಿರಲಿ, ಬೇಡ. ಇನ್ನು ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಫೋಮ್ ಬದಲಿಸುವುದೇ ಬೇರೆ. ಒಂಟಿ ಸೀಟಿನ ಶೋಕಿಗಾಗಿ ಚಾಸಿಯ ಹಿಂಭಾಗವನ್ನೇ ಕತ್ತರಿಸಿ ವೆಲ್ಡ್ ಮಾಡಿಸುವುದೇ ಬೇರೆ. ಎರಡನೆಯದರಲ್ಲಿ ಕಾನೂನಿನ ತೊಡಕೂ ಇದೆ, ಜೀವದ ಅಪಾಯವೂ ಇದೆ.

ಕೂರಿಸುವ ಬಗೆ

ಸೀಟು ಎಷ್ಟೇ ಒಳ್ಳೆಯದಿರಲಿ, ಕೂರಿಸುವಲ್ಲಿ ಕೆಟ್ಟರೆ ಎಲ್ಲ ಕೆಟ್ಟಂತೆ. ಹಳೆಯ ಸೀಟು ಬಿಚ್ಚಿದ ತಕ್ಷಣ ಅದನ್ನು ತಿರುಗಿಸಿ ಹೊಸದರ ಪಕ್ಕ ಇಟ್ಟು ನೋಡಿ. ಮುಂದೆ ಟ್ಯಾಂಕಿನ ಕೆಳಗಿನ ಕೊಂಡಿಗೆ ಸಿಕ್ಕಿಕೊಳ್ಳುವ ನಾಲಗೆ, ಹಿಂದಿನ ಬೋಲ್ಟಿನ ತೂತು ಅಥವಾ ಲಾಕಿನ ಕೊಕ್ಕೆ, ಕೆಳಗಿನ ರಬ್ಬರ್ ಬುಷ್‌ಗಳು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಇರಬೇಕು. ಬುಷ್ ಇಲ್ಲದಿದ್ದರೆ ತಟ್ಟೆ ನೇರ ಚಾಸಿಯ ಮೇಲೆ ಕೂತು ಕಂಪನವೆಲ್ಲ ಮೈಗೇ ಬರುತ್ತದೆ. ತಗಡಿನ ತಟ್ಟೆಯಾದರೆ ಬ್ಯಾಟರಿಯ ಟರ್ಮಿನಲ್‌ಗಳಿಗೆ ತಾಗದಂತಿದೆಯೇ, ಟರ್ಮಿನಲ್ ಮೇಲೆ ರಬ್ಬರ್ ಮುಚ್ಚಳವಿದೆಯೇ ನೋಡಲೇಬೇಕು. ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಬಹುದು. ಯಾವ ವೈರೂ ತಟ್ಟೆಯ ಅಂಚಿಗೆ ಸಿಕ್ಕಿರಬಾರದು.

ಕೂರಿಸಿದ ಮೇಲೆ ಮುಂದೆ, ಹಿಂದೆ, ಎರಡೂ ಪಕ್ಕಗಳಿಂದ ಜೋರಾಗಿ ಎತ್ತಿ ಅಲ್ಲಾಡಿಸಿ. ನಾಲಗೆ ಕೊಂಡಿಗೆ ಸಿಕ್ಕದೆ ಬರೀ ಲಾಕ್ ಬಿದ್ದಿದ್ದರೆ ಆಗಲೇ ಗೊತ್ತಾಗುತ್ತದೆ. ಹ್ಯಾಂಡಲ್ ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿ, ಬ್ರೇಕ್ ತುಳಿದು, ಗೇರ್ ಬದಲಿಸಿ ಮಂಡಿಯ ಕೋನ ಹಿತವಾಗಿದೆಯೇ ನೋಡಿ. ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹಳೆಯ ಸೀಟನ್ನು ಎಸೆಯಬೇಡಿ. ಗಾಡಿ ಮಾರುವಾಗ ಬೇಕಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಟಿವಿಎಸ್ ಎಕ್ಸ್‌ಎಲ್‌ನ ಹಿಂದಿನ ಸೀಟು ತೆಗೆದು ತೆಂಗಿನಕಾಯಿ, ಹುಲ್ಲು ಹೇರುವವರಿಗೂ ಇದೇ ಮಾತು. ಸಂಜೆ ಮನೆಯವರನ್ನು ಕೂರಿಸುವ ಮೊದಲು ಸೀಟನ್ನು ಮರಳಿ ಭದ್ರವಾಗಿ ಜೋಡಿಸಿದ್ದೇವೆಯೇ ಎಂದು ಎತ್ತಿ ನೋಡುವುದು ಅರ್ಧ ನಿಮಿಷದ ಕೆಲಸ.

ನಮ್ಮದಷ್ಟೇ ಹೊಣೆಯಲ್ಲ

ಎಲ್ಲವನ್ನೂ ಸವಾರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಂತೆ ದುಂಡನೆಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಮೈ ಕುಲುಕದೆ ದಾಟಲು ಸಾಧ್ಯವಾಗುವ ಅಳತೆ ಅದು. ನಮ್ಮ ಹಳ್ಳಿ ಬಾಗಿಲುಗಳಲ್ಲಿ ಇರುವುದು ಒಂದೂವರೆ ಅಡಿ ಅಗಲದ ಗೋಡೆಗಳು, ಬಣ್ಣವೂ ಇಲ್ಲ, ಫಲಕವೂ ಇಲ್ಲ. ಹಂಪ್ ಬೇಕು, ಮಕ್ಕಳು ರಸ್ತೆ ದಾಟುತ್ತಾರೆ. ಆದರೆ ಅಳತೆಗೆ ತಕ್ಕಂತೆ ಇರಲಿ ಎನ್ನುವುದು ಸವಾರರ ಹಕ್ಕು.

ಬೈಕ್ ಕಂಪನಿಗಳಿಗೆ ಒಂದು ಕೋರಿಕೆ. ಚಪ್ಪಲಿಗೆ ಅಳತೆ ಇದೆ, ಅಂಗಿಗೆ ಅಳತೆ ಇದೆ. ಒಂದೇ ಗಾಡಿಗೆ ಗಿಡ್ಡ, ಎತ್ತರ ಎಂಬ ಎರಡು ಸೀಟಿನ ಆಯ್ಕೆಯನ್ನಾದರೂ ಸಾಮಾನ್ಯ ನೂರು ಸಿಸಿ ಗಾಡಿ ಕೊಳ್ಳುವವನಿಗೂ ಶೋರೂಮಿನಲ್ಲೇ ಏಕೆ ಕೊಡಬಾರದು? ದುಬಾರಿ ಗಾಡಿ ಕೊಳ್ಳುವವರು ವಾರಾಂತ್ಯದಲ್ಲಿ ಓಡಿಸುತ್ತಾರೆ. ನೂರು ಸಿಸಿಯವನು ವರ್ಷವಿಡೀ ಅದರ ಮೇಲೆ ದುಡಿಯುತ್ತಾನೆ. ಸುಖ ಯಾರಿಗೆ ಹೆಚ್ಚು ಬೇಕು?

ಕೊನೆಯ ಮಾತು ನಮ್ಮಂಥವರಿಗೆ ಕೆಲಸ ಕೊಡುವವರಿಗೆ. ಮಾರಾಟ ಪ್ರತಿನಿಧಿಗಳಿಗೆ, ಸಾಲದ ಕಂತು ವಸೂಲಿ ಮಾಡುವವರಿಗೆ, ಕೊರಿಯರ್ ಹುಡುಗರಿಗೆ ಹಲವು ಕಡೆ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ಭತ್ಯೆ ಸಿಗುತ್ತದೆ. ಅಂದರೆ ಗಾಡಿ ನಮ್ಮ ಕೆಲಸದ ಜಾಗವೆಂದು ಅವರೂ ಒಪ್ಪಿದ್ದಾರೆ. ಕಚೇರಿಯೊಳಗೆ ಕೂರುವವರಿಗೆ ಒಳ್ಳೆಯ ಕುರ್ಚಿ ತರಿಸಿಕೊಡುವ ಸಂಸ್ಥೆ, ದಿನವಿಡೀ ಹೊರಗೆ ಕೂರುವವನ ಸೀಟಿಗೆ ಎರಡು ಮೂರು ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಕೊಟ್ಟರೆ ನಷ್ಟವೇನೂ ಆಗದು. ಎಂಜಿನ್ನಿಗೆ ಹಾಕುವ ಎಣ್ಣೆಯ ಬಿಲ್ಲಿಗೆ ಸಹಿ ಮಾಡುವವರು ಬೆನ್ನಿಗೆ ಹಾಕುವ ಫೋಮಿನ ಬಿಲ್ಲಿಗೂ ಸಹಿ ಮಾಡಲಿ. ಗೆಳೆಯರೇ, ಮುಂದಿನ ಮೀಟಿಂಗಿನಲ್ಲಿ ಟಾರ್ಗೆಟ್ ಬಗ್ಗೆ ಮಾತು ಮುಗಿದ ಮೇಲೆ ಈ ವಿಷಯವನ್ನು ಸಂಕೋಚಪಡದೆ ಎತ್ತಿ. ಗಾಡಿ ಹಳೆಯದಾದರೆ ಇನ್ನೊಂದು ಬಂದೀತು. ಬೆನ್ನು ಮಾತ್ರ ಒಂದೇ.